ಆರದ ಬೆಳಕನ್ನು ಕಾದು ಕುಳಿತ ಹೆನ್ರಿ ಬೆಕೆರೆಲ್

ಮಕ್ಕಳೇ, ಮೈಸೂರಿನ ಗೋಕುಲಂ ಬಡಾವಣೆಯನ್ನು ದಾಟಿ ಕೆ.ಆರ್.ಎಸ್. ರಸ್ತೆಗೆ ಬಂದರೆ ಎರಡು ದೊಡ್ಡ ಆಸ್ಪತ್ರೆಗಳು ಸಿಗುತ್ತವೆ. ಒಂದು, ಕ್ಷಯರೋಗಿಗಳಿಗಾಗಿ 1921ರಲ್ಲಿ ಆರಂಭವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆರೋಗ್ಯಧಾಮ. ಜನ ಅದನ್ನು ಪಿ.ಕೆ.ಟಿ.ಬಿ. ಎಂದು ಕರೆಯುತ್ತಾರೆ. ಇನ್ನೊಂದು ಜಯದೇವ ಹೃದ್ರೋಗ ಆಸ್ಪತ್ರೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಆಂಜಿಯೋಗ್ರಾಂ ಮಾಡಿಸಿದ್ದರೆ ಕೇಳಿ ನೋಡಿ. ಕೈಯ ಅಥವಾ ತೊಡೆಯ ರಕ್ತನಾಳದ ಮೂಲಕ ವೈದ್ಯರು ಒಂದು ತೆಳುವಾದ ನಳಿಕೆಯನ್ನು ಹೃದಯದವರೆಗೆ ತೂರಿಸುತ್ತಾರೆ. ಆ ನಳಿಕೆ ಎಲ್ಲಿಗೆ ಹೋಯಿತು ಎಂಬುದನ್ನು ಪಕ್ಕದ ಪರದೆಯ ಮೇಲೆ ಎಕ್ಸ್-ರೇ ಸಿನಿಮಾದಂತೆ ನೋಡುತ್ತಿರುತ್ತಾರೆ. ಇದಕ್ಕೆ ಫ್ಲೂರೋಸ್ಕೋಪಿ ಎಂದು ಹೆಸರು.

ಮೂಳೆ ಮುರಿದಾಗ ತೆಗೆಯುವ ಎಕ್ಸ್-ರೇ ಒಂದೇ ಒಂದು ಚಿತ್ರ. ಫ್ಲೂರೋಸ್ಕೋಪಿಯಲ್ಲಿ ಸೆಕೆಂಡಿಗೆ ಹತ್ತು, ಹದಿನೈದು ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಹೃದಯ ಒಂದೆಡೆ ನಿಲ್ಲುವುದಿಲ್ಲವಲ್ಲ! ಈಗ ಯೋಚಿಸಿ. ಒಂದು ಚಿತ್ರ ಪೂರ್ತಿ ಅಳಿಯುವ ಮುನ್ನವೇ ಅದರ ಮೇಲೆ ಮುಂದಿನ ಚಿತ್ರ ಬಂದು ಕುಳಿತರೆ ಏನಾಗುತ್ತದೆ? ಸರಿಯಾಗಿ ಒರೆಸದ ಕಪ್ಪು ಹಲಗೆಯ ಮೇಲೆ ಹೊಸ ಪಾಠ ಬರೆದಂತಾಗುತ್ತದೆ. ನಳಿಕೆ ಇರುವ ಜಾಗದ ಜೊತೆಗೆ, ಅದು ಕ್ಷಣದ ಹಿಂದೆ ಇದ್ದ ಜಾಗವೂ ಮಸುಕಾಗಿ ಕಾಣುತ್ತದೆ. ಹೀಗೆ ಉಳಿದುಕೊಳ್ಳುವ ಹಳೆಯ ಚಿತ್ರಕ್ಕೆ ಎಂಜಿನಿಯರುಗಳು ಇಮೇಜ್ ಲ್ಯಾಗ್ ಎನ್ನುತ್ತಾರೆ. ನಾವು ಇದನ್ನು ಉಳಿಕೆ ಬಿಂಬ ಎಂದು ಕರೆಯೋಣ.

ಬೆಳಕಿನ ಮೂಲವನ್ನು ತೆಗೆದ ಮೇಲೂ ವಸ್ತುವಿನಲ್ಲಿ ಹೊಳಪು ಎಷ್ಟು ಹೊತ್ತು ಉಳಿಯುತ್ತದೆ? ಈ ಪ್ರಶ್ನೆಯನ್ನು ಹಿಡಿದು ಅಜ್ಜ, ಮಗ, ಮೊಮ್ಮಗ ಎಂದು ಒಂದೇ ಮನೆತನದವರು ದುಡಿದ ಕಥೆಯೊಂದು ಫ್ರಾನ್ಸ್ ದೇಶದಲ್ಲಿದೆ. ಅವರಲ್ಲಿ ಮೊಮ್ಮಗನಾದ ಹೆನ್ರಿ ಬೆಕೆರೆಲ್ ಅವರ ಹೆಸರನ್ನು ನೀವು ವಿಜ್ಞಾನ ಪುಸ್ತಕದಲ್ಲಿ ಓದಿರಬಹುದು. ಮೋಡ ಕವಿದ ದಿನ, ಮೇಜಿನ ಸೆಳೆಖಾನೆ, ಅದೃಷ್ಟದಿಂದ ಸಿಕ್ಕ ಶೋಧ - ಇಷ್ಟನ್ನೇ ಹೇಳಿ ಕಥೆ ಮುಗಿಸುವವರು ಬಹಳ. ನನಗೆ ಅದು ಅರ್ಧ ಕಥೆ ಎನಿಸುತ್ತದೆ.

ವಿಜ್ಞಾನಿಗಳ ಮನೆ

ಹೆನ್ರಿ ಬೆಕೆರೆಲ್ ಹುಟ್ಟಿದ್ದು 1852ರ ಡಿಸೆಂಬರ್ 15ರಂದು, ಪ್ಯಾರಿಸ್ ನಗರದ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯದ ಆವರಣದಲ್ಲಿದ್ದ ಮನೆಯಲ್ಲಿ. ಅಜ್ಜ ಆಂತ್ವಾನ್ ಸೆಸಾರ್ ಬೆಕೆರೆಲ್ ಅವರು ನೆಪೋಲಿಯನ್ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದವರು. ಸೈನ್ಯ ಬಿಟ್ಟು ವಿದ್ಯುತ್ತಿನ ಅಧ್ಯಯನಕ್ಕೆ ಬಂದರು. 1838ರಲ್ಲಿ ಆ ಸಂಗ್ರಹಾಲಯದ ಮೊದಲ ಭೌತಶಾಸ್ತ್ರ ಪ್ರಾಧ್ಯಾಪಕರಾದರು. ಅವರ ನಂತರ ಮಗ ಎಡ್ಮಂಡ್, ಆಮೇಲೆ ಮೊಮ್ಮಗ ಹೆನ್ರಿ, ಕೊನೆಗೆ ಮರಿಮಗ ಜೀನ್. ಹೀಗೆ 1948ರವರೆಗೆ ನಾಲ್ಕು ತಲೆಮಾರು ಅದೇ ಕುರ್ಚಿಯಲ್ಲಿ ಕುಳಿತಿತು! ನಮ್ಮಲ್ಲಿ ಸಂಗೀತಗಾರರ, ಕುಂಬಾರರ ಮನೆಗಳಲ್ಲಿ ಮಕ್ಕಳು ಆಡುತ್ತಾಡುತ್ತಲೇ ಕಸುಬು ಕಲಿಯುವುದಿಲ್ಲವೇ? ಹೆನ್ರಿ ಕೂಡ ಪ್ರಯೋಗಶಾಲೆಯಲ್ಲಿ ಹಾಗೆಯೇ ಬೆಳೆದರು.

ತಂದೆ ಎಡ್ಮಂಡ್ ಸಾಮಾನ್ಯರಲ್ಲ. ಬೆಳಕು ಬಿದ್ದಾಗ ಕೆಲವು ಪದಾರ್ಥಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು 1839ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲೇ ಕಂಡುಕೊಂಡವರು. ಇಂದು ಮನೆಗಳ ಮೇಲಿರುವ ಸೌರಫಲಕಗಳ ಮೂಲ ಅಲ್ಲಿದೆ. ಆದರೆ ಅವರಿಗೆ ಬಲು ಪ್ರಿಯವಾಗಿದ್ದ ವಿಷಯ ಹೊಳೆಯುವ ಕಲ್ಲುಗಳು ಮತ್ತು ಲವಣಗಳು. ಕೆಲವು ಪದಾರ್ಥಗಳ ಮೇಲೆ ಬೆಳಕು ಬಿದ್ದರೆ ಅವು ತಮ್ಮದೇ ಬಣ್ಣದಲ್ಲಿ ಹೊಳೆಯುತ್ತವೆ. ಬೆಳಕು ನಿಂತೊಡನೆ ಈ ಹೊಳಪೂ ನಿಂತರೆ ಅದು ಪ್ರತಿದೀಪ್ತಿ. ಬೆಳಕು ನಿಂತ ಮೇಲೂ ಸ್ವಲ್ಪ ಹೊತ್ತು ಹೊಳಪು ಉಳಿದರೆ ಅದು ಅನುದೀಪ್ತಿ. ಕೋಣೆಯ ಗೋಡೆಗೆ ಅಂಟಿಸುವ, ದೀಪ ಆರಿಸಿದ ಮೇಲೆ ಹಸಿರಾಗಿ ಕಾಣುವ ನಕ್ಷತ್ರದ ಸ್ಟಿಕರ್ ನೋಡಿದ್ದೀರಲ್ಲ, ಅದು ಅನುದೀಪ್ತಿ.

ಗೋಡೆಯ ನಕ್ಷತ್ರದ ಹೊಳಪನ್ನು ಗಡಿಯಾರ ಹಿಡಿದು ಅಳೆಯಬಹುದು. ಆದರೆ ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುವ ಹೊಳಪನ್ನು ಅಳೆಯುವುದು ಹೇಗೆ? ಇದಕ್ಕಾಗಿ ಎಡ್ಮಂಡ್ 1850ರ ದಶಕದ ಕೊನೆಯಲ್ಲಿ ಒಂದು ಚತುರ ಯಂತ್ರ ಮಾಡಿದರು. ಅದರ ಹೆಸರು ಫಾಸ್ಫರೋಸ್ಕೋಪ್. ಒಂದು ಕಪ್ಪು ಡಬ್ಬಿ. ಅದರೊಳಗೆ ಒಂದೇ ಅಚ್ಚಿಗೆ ಬಿಗಿದ ಎರಡು ಬಿಲ್ಲೆಗಳು. ಎರಡಕ್ಕೂ ಸುತ್ತ ತೂತುಗಳು. ಆದರೆ ಹಿಂದಿನ ಬಿಲ್ಲೆಯ ತೂತಿಗೆ ಎದುರಾಗಿ ಮುಂದಿನ ಬಿಲ್ಲೆಯ ತೂತು ಬರುವುದಿಲ್ಲ. ನಡುವೆ ಪರೀಕ್ಷಿಸಬೇಕಾದ ಕಲ್ಲು. ಹಿಂದಿನ ತೂತು ಬಂದಾಗ ಬೆಳಕು ಕಲ್ಲಿನ ಮೇಲೆ ಬೀಳುತ್ತದೆ. ಆಗ ನೋಡುವವರ ಕಿಂಡಿ ಮುಚ್ಚಿರುತ್ತದೆ. ಬಿಲ್ಲೆ ತಿರುಗಿ ಕಿಂಡಿ ತೆರೆದಾಗ ಬೆಳಕು ನಿಂತಿರುತ್ತದೆ. ಆಗಲೂ ಕಲ್ಲು ಹೊಳೆಯುತ್ತಿದ್ದರೆ ಆ ಹೊಳಪು ಅದರದ್ದೇ, ಬೇರೆಯದಲ್ಲ.

ಒಂದು ಲೆಕ್ಕ ಮಾಡೋಣ. ಪ್ರತಿ ಬಿಲ್ಲೆಯಲ್ಲಿ ನಾಲ್ಕು ತೂತುಗಳು ಎಂದುಕೊಳ್ಳಿ. ಹಿಂದಿನ ತೂತಿಗೂ ಮುಂದಿನ ತೂತಿಗೂ ಎಂಟನೇ ಒಂದು ಸುತ್ತಿನ ಅಂತರ. ಬಿಲ್ಲೆ ಸೆಕೆಂಡಿಗೆ 100 ಸುತ್ತು ತಿರುಗಿದರೆ, ಬೆಳಕು ಬಿದ್ದು ಸೆಕೆಂಡಿನ 800ನೇ ಒಂದು ಭಾಗ ಕಳೆದ ಮೇಲೆ ನಾವು ಕಲ್ಲನ್ನು ನೋಡುತ್ತೇವೆ. ಹಿಡಿಯನ್ನು ನಿಧಾನ ತಿರುಗಿಸಿದರೆ ಹೆಚ್ಚು ಕಾಲ, ಜೋರಾಗಿ ತಿರುಗಿಸಿದರೆ ಕಡಿಮೆ ಕಾಲ. ಎಷ್ಟು ಸರಳ! ಹೀಗೆ ಅಳೆದಾಗ ಯುರೇನಿಯಂ ಲವಣಗಳ ಹೊಳಪು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಕೂಡ ಉಳಿಯುವುದಿಲ್ಲ ಎಂದು ತಿಳಿಯಿತು. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆನ್ರಿ 1872ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಆಮೇಲೆ ರಸ್ತೆ, ಸೇತುವೆಗಳ ಎಂಜಿನಿಯರಿಂಗ್ ಓದಿದರು. 1878 ಅವರಿಗೆ ಕಹಿ ವರ್ಷ. ಜನವರಿಯಲ್ಲಿ ಅಜ್ಜ ತೀರಿಕೊಂಡರು. ಮಗ ಜೀನ್ ಹುಟ್ಟಿದ ಕೆಲವೇ ವಾರಗಳಲ್ಲಿ ಹೆಂಡತಿ ಲೂಸಿ ತೀರಿಕೊಂಡರು. ಅದೇ ವರ್ಷ ಹೆನ್ರಿ ಸಂಗ್ರಹಾಲಯದಲ್ಲಿ ತಂದೆಗೆ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಹರಳುಗಳು ಬೆಳಕನ್ನು ಹೇಗೆ ಹೀರುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡಿ 1888ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. 1891ರಲ್ಲಿ ತಂದೆಯೂ ತೀರಿಹೋದರು. ಮರುವರ್ಷ ಅವರ ಹುದ್ದೆಗೆ ಹೆನ್ರಿ ಬಂದರು. ತಂದೆಯ ಹರಳುಗಳು, ಯಂತ್ರಗಳು, ಟಿಪ್ಪಣಿಗಳು ಎಲ್ಲವೂ ಅವರ ಕೈ ಸೇರಿದವು. ವಯಸ್ಸು ನಲವತ್ತು. ದೊಡ್ಡ ಶೋಧವೇನೂ ಇನ್ನೂ ಆಗಿರಲಿಲ್ಲ.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಅವರು ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ತು ಹಾಯಿಸುತ್ತಿದ್ದಾಗ, ದೂರದಲ್ಲಿದ್ದ ರಾಸಾಯನಿಕ ಬಳಿದ ಪರದೆ ಹೊಳೆಯಿತು. ಕ್ಷ-ಕಿರಣ, ಅಂದರೆ ಎಕ್ಸ್-ರೇ, ಪತ್ತೆಯಾದದ್ದು ಹೀಗೆ. ಜಗತ್ತಿನ ಮೊದಲ ಫ್ಲೂರೋಸ್ಕೋಪಿ ಪರದೆ ಅದೇ ಎನ್ನಬಹುದು. ಆ ಪರದೆಯ ಮುಂದೆ ಕೈ ಹಿಡಿದರೆ ಮೂಳೆಗಳ ನೆರಳು ಕಾಣುತ್ತಿತ್ತು.

ಈ ಸುದ್ದಿ 1896ರ ಜನವರಿ 20ರಂದು ಪ್ಯಾರಿಸಿನ ಅಕಾಡೆಮಿಯ ಸಭೆಯಲ್ಲಿ ಚರ್ಚೆಗೆ ಬಂತು. ಗಣಿತಜ್ಞ ಹೆನ್ರಿ ಪೊಯಾಂಕರೆ ಅದನ್ನು ವಿವರಿಸಿದರು. ಕಿರಣಗಳು ಕೊಳವೆಯ ಯಾವ ಭಾಗದಿಂದ ಹೊರಡುತ್ತವೆ ಎಂದು ಬೆಕೆರೆಲ್ ವಿಚಾರಿಸಿದರು. ಗಾಜು ಎಲ್ಲಿ ಹೊಳೆಯುತ್ತದೆಯೋ ಅಲ್ಲಿಂದ ಎಂಬ ಉತ್ತರ ಬಂತು. ಬೆಕೆರೆಲ್ ಮನಸ್ಸಿನಲ್ಲಿ ತಕ್ಷಣ ಒಂದು ಯೋಚನೆ ಹೊಳೆಯಿತು. ಹೊಳೆಯುವ ಗಾಜಿನಿಂದ ಕ್ಷ-ಕಿರಣ ಬರುವುದಾದರೆ, ನಮ್ಮ ಮನೆಯ ಹೊಳೆಯುವ ಹರಳುಗಳಿಂದಲೂ ಬರಬೇಕಲ್ಲವೇ?

ಈ ಯೋಚನೆ ತಪ್ಪು. ಗಾಜಿನ ಹೊಳಪಿಗೂ ಕ್ಷ-ಕಿರಣಕ್ಕೂ ಕಾರಣ-ಪರಿಣಾಮದ ಸಂಬಂಧವಿಲ್ಲ. ಆದರೂ ತಪ್ಪು ಯೋಚನೆಯನ್ನು ಅವರು ಸರಿಯಾಗಿ ಪರೀಕ್ಷಿಸಿದರು.

ಸೆಳೆಖಾನೆಯ ಫಲಕ

ಛಾಯಾಚಿತ್ರ ತೆಗೆಯುವ ಫಲಕವನ್ನು ದಪ್ಪ ಕಪ್ಪು ಕಾಗದದಲ್ಲಿ ಎರಡು ಸುತ್ತು ಸುತ್ತಿದರು. ಇಡೀ ದಿನ ಬಿಸಿಲಿನಲ್ಲಿಟ್ಟರೂ ಒಳಗೆ ಬೆಳಕು ಹೋಗದಂತೆ ನೋಡಿಕೊಂಡರು. ಅದರ ಮೇಲೆ ಹೊಳೆಯುವ ಹರಳುಗಳನ್ನು ಇಟ್ಟು ಬಿಸಿಲಿಗೆ ಒಡ್ಡಿದರು. ಮೊದಲು ಪ್ರಯತ್ನಿಸಿದ ಹಲವು ಪದಾರ್ಥಗಳಿಂದ ಏನೂ ಸಿಗಲಿಲ್ಲ. ಆಮೇಲೆ ತಾವೇ ವರ್ಷಗಳ ಹಿಂದೆ ತಯಾರಿಸಿದ್ದ ಪೊಟ್ಯಾಸಿಯಂ ಯುರೇನಿಲ್ ಸಲ್ಫೇಟ್ ಹರಳುಗಳನ್ನು ಇಟ್ಟರು. ಫಲಕದ ಮೇಲೆ ಹರಳಿನ ಆಕಾರದ ಕಪ್ಪು ಗುರುತು ಮೂಡಿತು! ನಡುವೆ ಲೋಹದ ನಾಣ್ಯ ಇಟ್ಟರೆ ನಾಣ್ಯದ ನೆರಳೂ ಮೂಡಿತು. ಫೆಬ್ರವರಿ 24ರಂದು ಇದನ್ನು ಅಕಾಡೆಮಿಗೆ ತಿಳಿಸಿದರು. ತಮ್ಮ ಊಹೆ ನಿಜವಾಯಿತೆಂದೇ ಅವರು ನಂಬಿದ್ದರು.

ಫೆಬ್ರವರಿ 26 ಮತ್ತು 27ರಂದು ಮತ್ತೆ ಪ್ರಯೋಗ ಸಿದ್ಧ ಮಾಡಿದರು. ಬಿಸಿಲು ಆಗೊಮ್ಮೆ ಈಗೊಮ್ಮೆ ಇಣುಕಿ ಮರೆಯಾಗುತ್ತಿತ್ತು. ಹರಳುಗಳ ಸಮೇತ ಫಲಕಗಳನ್ನು ಸೆಳೆಖಾನೆಯೊಳಗೆ ಇಟ್ಟುಬಿಟ್ಟರು. ಮುಂದಿನ ದಿನಗಳಲ್ಲೂ ಬಿಸಿಲು ಬರಲಿಲ್ಲ. ಮಾರ್ಚ್ 1, ಭಾನುವಾರ. ಬಹಳ ಮಸುಕಾದ ಗುರುತು ಸಿಗಬಹುದು ಎಂದುಕೊಂಡು ಆ ಫಲಕಗಳನ್ನು ತೊಳೆದು ನೋಡಿದರು. ಗುರುತುಗಳು ಕಪ್ಪಗೆ, ಬಲವಾಗಿ ಮೂಡಿದ್ದವು. ಒಂದು ಫಲಕದಲ್ಲಿ ಹರಳಿನ ಕೆಳಗೆ ಇಟ್ಟಿದ್ದ ತಾಮ್ರದ ಶಿಲುಬೆಯ ನೆರಳೂ ಇತ್ತು.

ಈಗ ಆ ಅಂಕಿಯನ್ನು ನೆನಪಿಸಿಕೊಳ್ಳಿ. ಯುರೇನಿಯಂ ಲವಣದ ಹೊಳಪು ಉಳಿಯುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಸೆಳೆಖಾನೆ ಮುಚ್ಚುವಷ್ಟರಲ್ಲೇ ಅದು ಆರಿಹೋಗಿರಬೇಕು. ಹಾಗಿದ್ದರೆ ಮೂರು ದಿನ ಕತ್ತಲೆಯಲ್ಲಿ ಫಲಕವನ್ನು ಕಪ್ಪಾಗಿಸಿದ್ದು ಯಾವುದು? ಬೇರೆ ಯಾರಾದರೂ ಆಗಿದ್ದರೆ, ಹರಳಿನಲ್ಲಿ ಸ್ವಲ್ಪ ಬಿಸಿಲು ಉಳಿದಿತ್ತು ಎಂದು ಸುಮ್ಮನಾಗುತ್ತಿದ್ದರೇನೋ. ತಂದೆಯ ಫಾಸ್ಫರೋಸ್ಕೋಪ್ ಕೊಟ್ಟ ಅಂಕಿ ಅವರನ್ನು ಸುಮ್ಮನಿರಲು ಬಿಡಲಿಲ್ಲ.

ನಿಜಕ್ಕೂ ಹಾಗೆ ಆಗಿತ್ತು ಎಂದರೆ ನಂಬುತ್ತೀರಾ? ಸುಮಾರು ನಲವತ್ತು ವರ್ಷ ಮುಂಚೆ, ನಿಯೆಪ್ಸ್ ದ ಸೇಂ-ವಿಕ್ತೋರ್ ಎಂಬ ಸೇನಾಧಿಕಾರಿ ಯುರೇನಿಯಂ ಲವಣದಲ್ಲಿ ನೆನೆಸಿದ ಕಾಗದವು ಕತ್ತಲೆಯಲ್ಲೂ ಛಾಯಾಫಲಕದ ಮೇಲೆ ಗುರುತು ಮಾಡುವುದನ್ನು ಕಂಡಿದ್ದರು. ಪ್ಯಾರಿಸಿನ ಅಕಾಡೆಮಿಗೂ ತಿಳಿಸಿದ್ದರು. ಕಾಗದ ಬಿಸಿಲನ್ನು ಕೂಡಿಟ್ಟುಕೊಂಡಿದೆ ಎಂಬುದು ಅವರ ವಿವರಣೆ. ಹೆನ್ರಿಯ ತಂದೆಗೂ ಈ ಕೆಲಸ ಗೊತ್ತಿತ್ತು. ಆದರೂ ವಿಷಯ ಅಲ್ಲಿಗೇ ನಿಂತಿತು. ಲಂಡನ್ನಿನಲ್ಲಿ ಸಿಲ್ವೇನಸ್ ಥಾಂಪ್ಸನ್ ಎಂಬ ಭೌತವಿಜ್ಞಾನಿಯೂ 1896ರ ಫೆಬ್ರವರಿಯಲ್ಲೇ ಯುರೇನಿಯಂ ಲವಣದಿಂದ ಇಂಥದ್ದೇ ಗುರುತು ಪಡೆದಿದ್ದರು.

ಬೆಕೆರೆಲ್ ಮುಂದೆ ಮಾಡಿದ ಕೆಲಸವೇ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಪುಸ್ತಕಗಳಲ್ಲಿ ಇದಕ್ಕೆ ಜಾಗ ಕಡಿಮೆ. ಅವರು ಹೀಗೆ ಯೋಚಿಸಿದರು: ಕಣ್ಣಿಗೆ ಕಾಣುವ ಹೊಳಪು ಬೇಗ ಆರುತ್ತದೆ, ಸರಿ, ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಅನುದೀಪ್ತಿ ಇರಬಹುದು, ಅದು ನಿಧಾನವಾಗಿ ಆರುತ್ತಿರಬಹುದು. ಹಾಗಿದ್ದರೆ ಒಂದಲ್ಲ ಒಂದು ದಿನ ಅದು ಆರಲೇಬೇಕು. ಎಷ್ಟು ದಿನ ಬೇಕು ಎಂದು ಅಳೆಯೋಣ!

ಮಾರ್ಚ್ 3ರಿಂದ ಹರಳುಗಳನ್ನು ಸೀಸದ ಪೆಟ್ಟಿಗೆಯಲ್ಲಿ, ಕತ್ತಲೆ ಕೋಣೆಯಲ್ಲಿ ಇಟ್ಟರು. ಬಿಸಿಲಿನ ಒಂದು ಎಳೆಯೂ ತಾಗದಂತೆ ಕಾಪಾಡಿದರು. ಆಗಾಗ ಫಲಕ ಇಟ್ಟು ಪರೀಕ್ಷಿಸಿದರು. ವಾರಗಳು ಕಳೆದವು. ತಿಂಗಳುಗಳು ಕಳೆದವು. ನವೆಂಬರ್ ಬಂತು. ಕಿರಣಗಳು ಕುಗ್ಗಿದಂತೆ ಕಾಣಲೇ ಇಲ್ಲ. ವರ್ಷ ಬದಲಾದರೂ ಇಲ್ಲ. ಯಾವುದನ್ನು ಉಳಿಕೆ ಎಂದುಕೊಂಡು ಅಳೆಯಲು ಕುಳಿತರೋ ಅದು ಉಳಿಕೆಯೇ ಆಗಿರಲಿಲ್ಲ!

ಈ ನಡುವೆ ಬೇರೆ ದಾರಿಗಳಿಂದಲೂ ಪರೀಕ್ಷಿಸಿದರು. ಯುರೇನಿಯಂ ನೈಟ್ರೇಟನ್ನು ಕತ್ತಲೆಯಲ್ಲೇ ಕರಗಿಸಿ, ಕತ್ತಲೆಯಲ್ಲೇ ಮತ್ತೆ ಹರಳುಗಟ್ಟಿಸಿದರು. ಬೆಳಕನ್ನೇ ಕಾಣದ ಆ ಹರಳೂ ಫಲಕವನ್ನು ಕಪ್ಪಾಗಿಸಿತು. ಹೊಳೆಯದ ಯುರೇನಿಯಂ ಲವಣಗಳೂ ಅದೇ ಕೆಲಸ ಮಾಡಿದವು. ಮೇ ತಿಂಗಳಲ್ಲಿ ಶುದ್ಧ ಯುರೇನಿಯಂ ಲೋಹ ಇಟ್ಟು ನೋಡಿದರು. ಲೋಹ ಹೊಳೆಯುವುದೇ ಇಲ್ಲ. ಆದರೂ ಕಿರಣ ಲವಣಗಳಿಗಿಂತ ಜೋರಾಗಿತ್ತು. ಹಾಗಾದರೆ ಇದು ಬಿಸಿಲಿನ ಕೆಲಸವೂ ಅಲ್ಲ, ಹೊಳಪಿನ ಕೆಲಸವೂ ಅಲ್ಲ. ಯುರೇನಿಯಂ ಧಾತುವಿನದ್ದೇ ಗುಣ.

ಬೆಕೆರೆಲ್ ತಪ್ಪುಗಳನ್ನೂ ಮಾಡಿದರು. ಯುರೇನಿಯಂ ಕಿರಣಗಳು ಬೆಳಕಿನಂತೆ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದು ಬರೆದರು. ಅದು ಸರಿಯಲ್ಲವೆಂದು ಮುಂದೆ ಅರ್ನೆಸ್ಟ್ ರದರ್‌ಫರ್ಡ್ ತೋರಿಸಿದರು. ಆಗ ಎಲ್ಲರ ಕಣ್ಣೂ ಕ್ಷ-ಕಿರಣದ ಮೇಲಿತ್ತು. ನಿಮಿಷಗಳಲ್ಲಿ ಮೂಳೆಯ ಚಿತ್ರ ಸಿಗುವಾಗ, ಗಂಟೆಗಟ್ಟಲೆ ಕಾಯಿಸುವ ಯುರೇನಿಯಂ ಯಾರಿಗೆ ಬೇಕು? ಬೆಕೆರೆಲ್ ಕೂಡ ಸ್ವಲ್ಪ ಕಾಲ ಬೇರೆ ಕೆಲಸಕ್ಕೆ ತಿರುಗಿದರು. ಆ ವಿಷಯವನ್ನು ಎತ್ತಿಕೊಂಡವರು ಮೇರಿ ಕ್ಯೂರಿ. ಅವರು ಫಲಕ ಬಿಟ್ಟು ಸೂಕ್ಷ್ಮ ವಿದ್ಯುತ್ ಮಾಪಕದಿಂದ ಅಳೆದರು. 1898ರಲ್ಲಿ ಮೇರಿ ಮತ್ತು ಪಿಯರೆ ಕ್ಯೂರಿ ಪೊಲೋನಿಯಂ, ರೇಡಿಯಂ ಧಾತುಗಳನ್ನು ಕಂಡುಹಿಡಿದರು. ಈ ಗುಣಕ್ಕೆ ವಿಕಿರಣಶೀಲತೆ ಎಂಬ ಹೆಸರು ಬಂದದ್ದು ಅವರಿಂದಲೇ. ಬೆಕೆರೆಲ್ ಮತ್ತೆ ಕಣಕ್ಕಿಳಿದರು. ರೇಡಿಯಂನಿಂದ ಬರುವ ಒಂದು ಬಗೆಯ ಕಿರಣ ಎಲೆಕ್ಟ್ರಾನುಗಳ ಪ್ರವಾಹ ಎಂದು 1900ರಲ್ಲಿ ಅಳೆದು ತೋರಿಸಿದರು. 1903ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಬೆಕೆರೆಲ್ ಅವರಿಗೆ, ಉಳಿದರ್ಧ ಕ್ಯೂರಿ ದಂಪತಿಗಳಿಗೆ ಸಂದಿತು.

1901ರಲ್ಲಿ ಒಂದು ಅನಾಹುತ ನಡೆಯಿತು. ಬೆಕೆರೆಲ್ ರೇಡಿಯಂ ಇದ್ದ ಪುಟ್ಟ ಗಾಜಿನ ಕೊಳವೆಯನ್ನು ಅಂಗಿಯ ಮೇಲಿನ ಕೋಟಿನ ಜೇಬಿನಲ್ಲಿ ಕೆಲವು ಗಂಟೆ ಇಟ್ಟುಕೊಂಡು ಓಡಾಡಿದರು. ಆಗ ಏನೂ ಅನ್ನಿಸಲಿಲ್ಲ. ಸುಮಾರು ಎರಡು ವಾರ ಕಳೆದ ಮೇಲೆ ಜೇಬಿನ ಕೆಳಗಿನ ಚರ್ಮ ಕೆಂಪಾಯಿತು, ಹುಣ್ಣಾಯಿತು. ವಾಸಿಯಾಗಲು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಪಿಯರೆ ಕ್ಯೂರಿ ಕೂಡ ತಮ್ಮ ತೋಳಿನ ಮೇಲೆ ರೇಡಿಯಂ ಇಟ್ಟು ಸುಟ್ಟುಕೊಂಡು ಪರೀಕ್ಷಿಸಿದ್ದರು. ಇಬ್ಬರೂ ಸೇರಿ ವರದಿ ಬರೆದರು. ಕಿರಣಗಳು ಜೀವಕೋಶಗಳನ್ನು ಕೊಲ್ಲುತ್ತವೆ ಎಂಬ ಈ ತಿಳಿವಳಿಕೆಯೇ ಮುಂದೆ ಕ್ಯಾನ್ಸರ್ ಗಡ್ಡೆಗಳ ಚಿಕಿತ್ಸೆಗೆ ದಾರಿಯಾಯಿತು. ಆ ಕಾಲದಲ್ಲಿ ರಕ್ಷಣೆಯ ನಿಯಮಗಳೇ ಇರಲಿಲ್ಲ ಎಂಬುದು ನೆನಪಿರಲಿ. ಇಂದು ಆಂಜಿಯೋಗ್ರಾಂ ಮಾಡುವ ವೈದ್ಯರು ಸೀಸ ತುಂಬಿದ ಭಾರದ ಏಪ್ರನ್ ತೊಡುತ್ತಾರೆ.

1908ರಲ್ಲಿ ಬೆಕೆರೆಲ್ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಅದೇ ವರ್ಷ ಆಗಸ್ಟ್ 25ರಂದು ಫ್ರಾನ್ಸಿನ ಕರಾವಳಿಯ ಲೆ ಕ್ರ್ವಾಸಿಕ್ ಎಂಬ ಊರಿನಲ್ಲಿ ನಿಧನರಾದರು. ಆಗ ವಯಸ್ಸು 55. ವಿಕಿರಣಶೀಲತೆಯ ಅಳತೆಯ ಮಾನಕ್ಕೆ 1975ರಲ್ಲಿ ಬೆಕೆರೆಲ್ ಎಂದು ಹೆಸರಿಟ್ಟರು. ಒಂದು ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಸೀಸದ ಪೆಟ್ಟಿಗೆಯ ಮುಂದೆ ಅವರು ಕಾದದ್ದು ಏಕೆ ಫಲಿಸಲಿಲ್ಲ ಎಂಬುದೂ ಈಗ ನಮಗೆ ಗೊತ್ತು. ಯುರೇನಿಯಂ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ ಸುಮಾರು 447 ಕೋಟಿ ವರ್ಷ!

ಮತ್ತೆ ಕೆ.ಆರ್.ಎಸ್. ರಸ್ತೆಗೆ ಬರೋಣ. ಹಳೆಯ ಫ್ಲೂರೋಸ್ಕೋಪಿಯಲ್ಲಿ ವೈದ್ಯರು ಕತ್ತಲೆ ಕೋಣೆಯಲ್ಲಿ ನಿಂತು, ಹೊಳೆಯುವ ಲವಣ ಬಳಿದ ಪರದೆಯನ್ನೇ ನೇರವಾಗಿ ನೋಡುತ್ತಿದ್ದರು. ಕ್ಷಯರೋಗಿ ಉಸಿರೆಳೆದಾಗ ಶ್ವಾಸಕೋಶ ಹೇಗೆ ಹಿಗ್ಗುತ್ತದೆ ಎಂದು ಕಾಣುತ್ತಿತ್ತು. ಪರದೆಯ ಹೊಳಪು ತಡವಾಗಿ ಆರಿದರೆ ಚಿತ್ರ ಕಲಸಿಹೋಗುತ್ತಿತ್ತು. ಇಂದಿನ ಯಂತ್ರಗಳಲ್ಲಿ ಚಪ್ಪಟೆ ಫಲಕದ ಡಿಟೆಕ್ಟರ್ ಇರುತ್ತದೆ. ಅಂಥ ಅನೇಕ ಫಲಕಗಳಲ್ಲಿ ಮೇಲಿನ ಪದರ ಸೀಸಿಯಂ ಅಯೋಡೈಡ್. ಅದು ಕ್ಷ-ಕಿರಣವನ್ನು ಬೆಳಕಾಗಿಸುತ್ತದೆ. ಕೆಳಗಿನ ಸಿಲಿಕಾನ್ ಪದರ ಬೆಳಕನ್ನು ವಿದ್ಯುತ್ತಾಗಿಸುತ್ತದೆ. ಈ ಸಿಲಿಕಾನಿನಲ್ಲಿ ಅಲ್ಲಲ್ಲಿ ಸಣ್ಣ ಕುಳಿಗಳಂಥ ದೋಷಗಳಿರುತ್ತವೆ. ಸ್ವಲ್ಪ ವಿದ್ಯುದಂಶ ಅವುಗಳಲ್ಲಿ ಸಿಕ್ಕಿಕೊಂಡು ತಡವಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಮರದಿಂದ ಹನಿ ಉದುರುವ ಹಾಗೆ. ಉಳಿಕೆ ಬಿಂಬಕ್ಕೆ ಇದು ಮುಖ್ಯ ಕಾರಣ.

ಇದನ್ನು ಅಳೆಯುವ ಬಗೆ ಕೇಳಿದರೆ ಎಡ್ಮಂಡ್ ಬೆಕೆರೆಲ್ ಅವರಿಗೆ ಸಂತೋಷವಾಗುತ್ತಿತ್ತು. ಎಂಜಿನಿಯರು ಫಲಕದ ಮೇಲೆ ಸ್ವಲ್ಪ ಹೊತ್ತು ಒಂದೇ ಸಮನೆ ಕ್ಷ-ಕಿರಣ ಬೀಳಿಸುತ್ತಾರೆ. ಥಟ್ಟನೆ ನಿಲ್ಲಿಸುತ್ತಾರೆ. ಆದರೆ ಚಿತ್ರ ತೆಗೆಯುವುದನ್ನು ನಿಲ್ಲಿಸುವುದಿಲ್ಲ. ಕಿರಣವಿಲ್ಲದ ಮೊದಲ ಚಿತ್ರದಲ್ಲಿ ಎಷ್ಟು ಉಳಿದಿದೆ, ಎರಡನೆಯದರಲ್ಲಿ ಎಷ್ಟು, ಹತ್ತನೆಯದರಲ್ಲಿ ಎಷ್ಟು ಎಂದು ನೂರರ ಪಾಲಿನಲ್ಲಿ ಬರೆದಿಡುತ್ತಾರೆ. ಬಿಲ್ಲೆಯ ತೂತುಗಳ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಗಡಿಯಾರವಿದೆ, ಅಷ್ಟೇ ವ್ಯತ್ಯಾಸ.

ಇಲ್ಲೊಂದು ಮಾತು. ಎಕ್ಸ್-ರೇ ತೆಗೆಸಿಕೊಂಡ ಮೇಲೆ ಕಿರಣ ಮೈಯಲ್ಲಿ ಉಳಿಯುತ್ತದೆ, ಪಕ್ಕದಲ್ಲಿ ಮಲಗಬಾರದು ಎಂದು ಹೆದರುವವರನ್ನು ನಾನು ಹಳ್ಳಿಗಳಲ್ಲಿ ನೋಡಿದ್ದೇನೆ. ಮನೆಯಲ್ಲಿ ಯಾರಾದರೂ ಹಾಗೆಂದರೆ ನೀವು ವಿವರಿಸಿ. ಸ್ವಿಚ್ ಆರಿಸಿದೊಡನೆ ಕ್ಷ-ಕಿರಣ ಮುಗಿಯಿತು, ಬಲ್ಬಿನ ಬೆಳಕಿನ ಹಾಗೆ. ಉಳಿಕೆ ಇರುವುದು ಯಂತ್ರದ ಫಲಕದಲ್ಲಿ, ರೋಗಿಯ ಮೈಯಲ್ಲಿ ಅಲ್ಲ.

ಮಾಡಿ ನೋಡಿ: ಕತ್ತಲೆಯಲ್ಲಿ ಹೊಳೆಯುವ ಎರಡು ಮೂರು ಬಗೆಯ ಸ್ಟಿಕರುಗಳನ್ನು ತನ್ನಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಐದು ನಿಮಿಷ ಕುಳಿತು ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಳ್ಳಿ. ಕಣ್ಣು ಮುಚ್ಚಿಕೊಂಡೇ ಸ್ಟಿಕರ್ ಮೇಲೆ ಟಾರ್ಚ್ ಬೆಳಕನ್ನು 10 ಸೆಕೆಂಡು ಬಿಡಿ. ಟಾರ್ಚ್ ಆರಿಸಿ, ಕಣ್ಣು ತೆರೆದು, ಹೊಳಪು ಕಾಣದಾಗುವವರೆಗೆ ಎಣಿಸಿ. ಆಮೇಲೆ 30 ಸೆಕೆಂಡು, ಒಂದು ನಿಮಿಷ ಬೆಳಕು ಕೊಟ್ಟು ಇದನ್ನೇ ಮಾಡಿ. ಗೆಳೆಯರಿಬ್ಬರು ಬೇರೆ ಬೇರೆಯಾಗಿ ಎಣಿಸಿದರೆ ಒಂದೇ ಉತ್ತರ ಬರುತ್ತದೆಯೇ? ಬರದಿದ್ದರೆ ಏಕೆಂದು ಚರ್ಚಿಸಿ, ಅಂಕಿಗಳ ಪಟ್ಟಿಯನ್ನು ಶಾಲೆಯ ಗೋಡೆ ಪತ್ರಿಕೆಯಲ್ಲಿ ಹಾಕಿ.